ಶಟ್ಟರಿನ ಕಣ್ಣು ಒರೆಸಿದವರು

ಈ ವರ್ಷ ಶ್ರಾವಣದ ಎರಡನೇ ಸೋಮವಾರ ಬೆಳಗ್ಗೆ ಶಟ್ಟರ್ ಮೇಸ್ತ್ರಿ ಹೊಸ ಅಗ್ರಹಾರದ ತಮ್ಮ ಮನೆಯಲ್ಲಿ ತೀರಿಕೊಂಡರು. ಮಧ್ಯಾಹ್ನ ನಾನು ಹೋದಾಗ ಹಣೆಯ ತುಂಬ ವಿಭೂತಿ ಬಳಿದು ಅವರನ್ನು ಕೂರಿಸಿದ್ದರು. ಎಡಹುಬ್ಬಿನಿಂದ ಕಿವಿಯವರೆಗೆ ಹೋಗಿದ್ದ ಹಳೆಯ ಗಾಯದ ಗೆರೆ ಆ ಬಿಳುಪಿನ ಪಕ್ಕದಲ್ಲಿ ಎದ್ದು ಕಾಣುತ್ತಿತ್ತು.

ಆ ಗೆರೆಯನ್ನೂ ಅವರು ಕೆಲಸಕ್ಕೆ ಬಳಸಿಕೊಂಡಿದ್ದರು. ಕೃಷ್ಣರಾಜನಗರ, ಹುಣಸೂರು ಕಡೆಯ ಮನೆಗಳಲ್ಲಿ ಕಾರಿನ ಶೆಡ್ಡಿಗೆ ಹಾಕಿಸಿದ ಮೋಟಾರ್ ಶಟ್ಟರುಗಳನ್ನು ನೋಡಿಕೊಳ್ಳುವುದು ಅವರ ಕಸುಬು. ಮನೆಯವರೇ ಯಾರಾದರೂ ಸ್ಪ್ಯಾನರ್ ಹಿಡಿದು ಸ್ಪ್ರಿಂಗ್ ಬಿಚ್ಚಲು ಏಣಿ ಹತ್ತಿದರೆ ಬೈಯುತ್ತಿರಲಿಲ್ಲ. ಮುಖ ಪಕ್ಕಕ್ಕೆ ತಿರುಗಿಸಿ ಗಾಯ ತೋರಿಸುತ್ತಿದ್ದರು.

"ಮೊದ್ಲು ಇದ ನೋಡಿ, ಆಮೇಲೆ ಬಿಚ್ಚಿ. ಬಿಗಿಯಾಗಿ ಸುತ್ತಿರೋದು ಅದು. ನಾನೂ ಒಂದಿನ ಅವಸರ ಪಟ್ಟಿದ್ದೆ."

ಹತ್ತಿದವರು ಇಳಿಯುತ್ತಿದ್ದರು.

ಕೆಲಸಕ್ಕೆ ಬಂದರೆ ಮೇಸ್ತ್ರಿ ಮೊದಲು ಮೋಟಾರು ಮುಟ್ಟುತ್ತಿರಲಿಲ್ಲ. ಕರೆಂಟು ತೆಗೆಸಿ, ಶಟ್ಟರನ್ನು ಕೈಯಿಂದಲೇ ಅರ್ಧಕ್ಕೆ ಎತ್ತಿ ಬಿಡುತ್ತಿದ್ದರು. ಅದು ಬಿಟ್ಟಲ್ಲೇ ನಿಂತರೆ ತಲೆಯಾಡಿಸುತ್ತಿದ್ದರು. ಜಾರಿದರೆ ಸ್ಪ್ರಿಂಗ್ ಸರಿಮಾಡಲು ಅಂಗಿ ತೋಳು ಮಡಚುತ್ತಿದ್ದರು. "ಕೈಗೆ ಅಗುರ ಇದ್ರೆ ಮೋಟ್ರಿಗೂ ಅಗುರ" ಎನ್ನುವುದು ಅವರ ಮಾತು. ನಮ್ಮ ಎದುರುಮನೆಯ ಹೊಗೆಸೊಪ್ಪಿನ ವ್ಯಾಪಾರಿ ಒಮ್ಮೆ ಶಟ್ಟರ್ ಸಲೀಸಾಗಿ ಓಡಲೆಂದು ಪಕ್ಕದ ಪಟ್ಟಿಗಳಿಗೆ ಹರಳೆಣ್ಣೆ ಸುರಿದಿದ್ದರು. ಎಣ್ಣೆಗೆ ಧೂಳು ಮೆತ್ತಿ ಶಟ್ಟರ್ ಅರ್ಧದಲ್ಲೇ ಸಿಕ್ಕಿಕೊಂಡಿತು. "ಇದೇನು ಎತ್ತಿನ ಗಾಡಿ ಕೀಲಾ ಗೌಡ್ರೆ? ಧೂಳ್ನ ಊಟಕ್ಕೆ ಕರ್ದಂಗೆ ಮಾಡಿದ್ದೀರಲ್ಲ" ಎಂದು ನಗುತ್ತಲೇ ಒಣಬಟ್ಟೆಯಲ್ಲಿ ಅರ್ಧ ದಿನ ಒರೆಸಿದರು.

ನಮ್ಮ ಮನೆಯ ಸಂಗತಿ ನಡೆದದ್ದು ಮೂರು ವರ್ಷದ ಹಿಂದೆ, ಆಯುಧಪೂಜೆಯ ನಂತರ. ನಮ್ಮ ಶಟ್ಟರಿನ ಎರಡೂ ಬದಿಯಲ್ಲಿ ಮೊಣಕಾಲೆತ್ತರಕ್ಕೆ ಒಂದೊಂದು ಪುಟ್ಟ ಗಾಜಿನ ಕಣ್ಣಿದೆ. ಒಂದರಿಂದ ಇನ್ನೊಂದಕ್ಕೆ ಬೆಳಕು ಹಾಯುತ್ತಿರುತ್ತದೆ. ನಡುವೆ ಯಾರಾದರೂ ಇದ್ದರೆ ಶಟ್ಟರ್ ಇಳಿಯುವುದಿಲ್ಲ. ಏನಾದರೂ ತಗುಲಿದರೆ ತಾನೇ ನಿಲ್ಲುವ ವ್ಯವಸ್ಥೆ ನಮ್ಮ ಹಳೆಯ ಮೋಟಾರಿಗೆ ಇರಲಿಲ್ಲ. ಆ ಕಣ್ಣುಗಳೇ ಕಾವಲು. ಅವ್ವ ಹಬ್ಬದ ದಿನ ಕಾರಿಗೆ, ಮಿಕ್ಸಿಗೆ, ಮೋಟಾರಿನ ಡಬ್ಬಿಗೆ ವಿಭೂತಿ ಹಚ್ಚಿದಂತೆ ಆ ಕಣ್ಣುಗಳಿಗೂ ಮೂರು ಮೂರು ಪಟ್ಟೆ ಎಳೆದು ಕುಂಕುಮ ಇಟ್ಟಿದ್ದಳು. ಸಂಜೆಯಿಂದ ಶಟ್ಟರ್ ಇಳಿಯಲಿಲ್ಲ.

ಫೋನ್ ಮಾಡಿದರೆ ಮೇಸ್ತ್ರಿ ಅಂತರಸಂತೆಯಲ್ಲಿದ್ದರು. "ನಾಕು ದಿನ ತಡೀರಿ, ಬತ್ತೀನಿ. ಅಲ್ಲೀಗಂಟ ಕೈಲೇ ಎಳ್ಕಳಿ" ಎಂದರು. ನಾನು ತಡೆಯಲಿಲ್ಲ. ವೈರಿಂಗ್ ಕೆಲಸದವನೊಬ್ಬನನ್ನು ಕರೆಸಿದೆ. ಅವನು ಕಣ್ಣಿನ ವೈರುಗಳನ್ನು ಕತ್ತರಿಸಿ ಕಣ್ಣುಗಳ ಹಂಗೇ ಇಲ್ಲದಂತೆ ಒಂದಕ್ಕೊಂದು ಸೇರಿಸಿ, ಐದು ನಿಮಿಷದಲ್ಲಿ ಶಟ್ಟರ್ ಇಳಿಸಿ ತೋರಿಸಿದ.

ಹೇಳಿದ ದಿನವೇ ಮೇಸ್ತ್ರಿ ಬಂದರು. ಅವ್ವ ಶೆಡ್ಡಿನ ಬಾಗಿಲಿಗೆ ಸರಿಯಾಗಿ ಚಾಪೆ ಹಾಕಿಕೊಂಡು ಕಾರ್ತಿಕ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ಗಾಳಿ ಬೆಳಕು ಚೆನ್ನಾಗಿರುವುದರಿಂದ ದಿನವೂ ಅವಳು ಕೂರುವುದು ಅಲ್ಲೇ. ಅವಳಿಗೆ ಕಿವಿ ಮಂದ. ವೈರಿಂಗಿನವನು ಸೇರಿಸಿದ್ದ ವೈರುಗಳನ್ನು ಮೇಸ್ತ್ರಿ ನೋಡಿದರು.

"ಅವ್ವಾರೆ, ಒಸಿ ಏಳ್ರಿ. ಮನೇಲಿ ಕುಂಬಳಕಾಯಿ ಐತಾ?" ಎಂದು ಗಟ್ಟಿಯಾಗಿ ಕೂಗಿದರು.

"ಹಬ್ಬ ಮುಗೀತಲ್ಲಪ್ಪ. ಇನ್ಯಾರಿಗೆ ದೃಷ್ಟಿ ತೆಗೀತೀಯ?" ಎನ್ನುತ್ತ ಅವ್ವ ಹುಳಿಗೆಂದು ಇಟ್ಟಿದ್ದ ಬೂದುಗುಂಬಳ ತಂದುಕೊಟ್ಟಳು. ಮೇಸ್ತ್ರಿ ಅದನ್ನು ಚಾಪೆಯ ನಡುವೆ ಇಟ್ಟು, ನಮ್ಮನ್ನು ದೂರ ನಿಲ್ಲಿಸಿ, ರಿಮೋಟನ್ನು ನನ್ನ ಕೈಗೆ ಕೊಟ್ಟರು.

"ಒತ್ತಿ ಸಾರ್."

ಒತ್ತಿದೆ. ಶಟ್ಟರ್ ಇಳಿದು ಕಾಯಿಗೆ ತಗುಲಿತು, ನಿಲ್ಲಲಿಲ್ಲ. ಕಾಯಿ ಎರಡು ಹೋಳಾಯಿತು. ಬತ್ತಿಗಳ ಮೇಲೆಲ್ಲ ನೀರು, ಬೀಜ.

"ಅವ್ವಾರ ಕಿವಿ ಮಂದ ಅಂತ ನಿಮ್ಗೆ ಗೊತ್ತು. ಮೋಟ್ರಿಗೆ ಗೊತ್ತಾ ಸಾರ್?"

ಆಮೇಲೆ ವೈರುಗಳನ್ನು ಬಿಡಿಸಿ ಮೊದಲಿನಂತೆ ಜೋಡಿಸಿದರು. ಕಣ್ಣುಗಳನ್ನು ಒರೆಸಿದರು. ಪಕ್ಕದಲ್ಲಿದ್ದ ಖಾಲಿ ರಟ್ಟಿನ ಡಬ್ಬಿಯನ್ನು ಅಡ್ಡ ಇಟ್ಟು ನನ್ನಿಂದಲೇ ಮತ್ತೆ ಒತ್ತಿಸಿದರು. ಶಟ್ಟರ್ ಇಳಿಯಲಿಲ್ಲ. ತಿಂಗಳಿಗೊಮ್ಮೆ ಹೀಗೇ ನೋಡಬೇಕೆಂದರು. ಬಳಿಕ ಅವ್ವನ ಪಕ್ಕ ಕೂತು ಒದ್ದೆಯಾಗದ ಬತ್ತಿಗಳನ್ನು ಆರಿಸಿಕೊಡುತ್ತ ಹೇಳಿದರು:

"ಈಬೂತಿ ಎಲ್ಲಾದ್ರೂ ಬಳೀರವ್ವ, ಇವೆರಡು ಕಣ್ಣು ಬುಟ್ಟು."

"ಪೂಜೆ ಮಾಡ್ದೆ ಬುಟ್ರೆ ಮುನಿಸ್ಕೊಳಲ್ವೇನಪ್ಪ ಅದು?"

"ಅದಕ್ಕೆ ಒರ್ಸೋದೇ ಪೂಜೆ ಕಣವ್ವ."

ಅಂದಿನಿಂದ ಪ್ರತಿ ವರ್ಷ ಹಬ್ಬದ ಮರುದಿನ ಅವರು ತಾವಾಗಿ ಊರಿನ ಮನೆಮನೆಗೆ ಹೋಗಿ ಕಣ್ಣುಗಳನ್ನು ಒರೆಸಿ ಬರುತ್ತಿದ್ದರು. ನಮ್ಮಲ್ಲಿ ರಟ್ಟಿನ ಡಬ್ಬಿ ಇಟ್ಟು ನೋಡಿದ ಮೇಲೇ ಕಾಫಿ ಕುಡಿಯುತ್ತಿದ್ದರು.

ಈ ಸಲದ ಆಯುಧಪೂಜೆಯ ದಿನ ಅವ್ವ ವಿಭೂತಿ ಗಟ್ಟಿ ಹಿಡಿದು ಶೆಡ್ಡಿಗೆ ಬಂದಳು. ಕಾರಿಗೆ, ಮೋಟಾರಿನ ಡಬ್ಬಿಗೆ, ರಿಮೋಟಿಗೆ ಪಟ್ಟೆ ಎಳೆದಳು. ಗಟ್ಟಿಯನ್ನು ತಟ್ಟೆಯಲ್ಲಿಟ್ಟು ಕೈ ತೊಳೆದು ಬಂದು, ಸೆರಗಿನ ತುದಿಯಿಂದ ಮೊದಲು ಎಡಗಡೆಯ ಕಣ್ಣನ್ನು, ಆಮೇಲೆ ಬಲಗಡೆಯದನ್ನು ಒರೆಸಿದಳು. ರಟ್ಟಿನ ಡಬ್ಬಿ ತಾ ಎಂದು ನನಗೆ ಹೇಳಿದಳು.