ಆಯುಧಪೂಜೆಯ ದಿನದ ಎಂಜಿನ್

ಫುಲ್‌ಶೀರ್ ಊರಿನ ನಮ್ಮ ಮನೆಯ ಗ್ಯಾರೇಜಿನಲ್ಲಿದ್ದ ಹಳೆಯ ಕಾರಿಗೆ ಬೇರೊಂದು ಕಾರಿನ ಎಂಜಿನ್ ಕೂರಿಸಲು ನನಗೆ ಎಂಟು ತಿಂಗಳು ಹಿಡಿಯಿತು. ಅದನ್ನು ಆಯುಧಪೂಜೆಯ ದಿನವೇ ಸ್ಟಾರ್ಟ್ ಮಾಡಬೇಕೆಂಬ ಹಟ ನನ್ನದು. ಅಂದು ಕೊನೆಯ ಬೋಲ್ಟ್ ಬಿಗಿಯುವಷ್ಟರಲ್ಲಿ ರಾಹುಕಾಲಕ್ಕೆ ಹತ್ತೇ ನಿಮಿಷ ಉಳಿದಿತ್ತು. ಹೆಂಡತಿ ಅವಸರದಲ್ಲಿ ಎಂಜಿನ್ನಿಗೆ ಕುಂಕುಮ ಹಚ್ಚಿ, ಚಕ್ರಗಳಡಿ ನಿಂಬೆಹಣ್ಣು ಇಟ್ಟು, ಆರತಿ ಎತ್ತಿದಳು. ನಾನು ಕೀಲಿಗೆ ಕೈ ಹಾಕಿದಾಗ ಕೇಳಿದಳು: "ಆಯಿಲ್ ಹಾಕಿದ್ರಾ?"

"ಒಳ್ಳೇ ಕೆಲಸ ಶುರು ಮಾಡುವಾಗ ಅಪಶಕುನ ನುಡೀಬೇಡ!" ಎಂದು ಗದರಿದೆ.

ಎಂಜಿನ್ ಗುಡುಗಿತು. ಖುಷಿಯಲ್ಲಿ ಆಕ್ಸಿಲರೇಟರ್ ಒತ್ತಿದೆ. ಎರಡೇ ನಿಮಿಷಕ್ಕೆ ಒಳಗಿನಿಂದ ಕಟಕಟ ಸದ್ದು ಬಂದು, ಸುಟ್ಟ ವಾಸನೆ ಎದ್ದು, ಅದು ಸೀಜ್ ಆಗಿ ನಿಂತುಬಿಟ್ಟಿತು. ಆಯಿಲ್ ಡಬ್ಬಗಳು ಸೀಲ್ ಒಡೆಯದೆ ಕಪಾಟಿನಲ್ಲೇ ಇದ್ದವು.

"ಇನ್ನೊಂದ್ಸಲ ಜೋರಾಗಿ ಕೇಳೋಕೆ ನಿಂಗೇನಾಗಿತ್ತು?" ಎಂದು ಮತ್ತೆ ಅವಳ ಮೇಲೆಯೇ ಹರಿಹಾಯ್ದೆ. ಅವಳು ಬಗ್ಗಿ, ಒಂದೂ ಒಡೆಯದ ನಿಂಬೆಹಣ್ಣುಗಳನ್ನು ಆರಿಸಿಕೊಂಡು ಒಳಗೆ ಹೋದಳು.

ಈ ವರ್ಷ ಮತ್ತೊಂದು ಎಂಜಿನ್ ಕೂರಿಸಿದೆ. ಆಯಿಲ್ ಹಾಕಿ, ಮೂರು ಸಲ ನೋಡಿದೆ. ಹಬ್ಬದ ದಿನ ಅವಳು ಆರತಿ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಒಮ್ಮೆ ಕೇಳಲಿ ಎಂದು ಕೀಲಿ ಹಿಡಿದು ಕಾದೆ. ರಾಹುಕಾಲ ಶುರುವಾಯಿತು. ಅವಳು ಬಾಯಿ ಬಿಡಲಿಲ್ಲ.