ಊರಿಗೆ ಹೊರಟವರ ಓವರ್

ಕುವೈತಿನ ರಿಗ್ಗೈ ಬಡಾವಣೆಯ ನಮ್ಮ ಕ್ರಿಕೆಟ್ ಟೀಮಿನ ಚರಿತ್ರೆ ಶುರುವಾಗುವುದು ಒಂದು ಹಳೇ ಕಾರ್ಪೆಟ್‌ನಿಂದ. ಬಿಲ್ಡಿಂಗ್ ಹಿಂದಿನ ಖಾಲಿ ಜಾಗದಲ್ಲಿ ಬರೀ ಮರಳು, ಜಲ್ಲಿ. ಟೆನಿಸ್ ಬಾಲ್ ಪುಟಿಯುವ ಮಾತೇ ಇಲ್ಲ. ಯಾರೋ ಕುವೈತಿ ಮನೆಯವರು ತಮ್ಮ ಬೈಠಕ್ ಕೋಣೆಯ ಕಾರ್ಪೆಟ್ಟನ್ನು ಕಸದ ತೊಟ್ಟಿಯ ಪಕ್ಕ ಸುತ್ತಿ ಇಟ್ಟಿದ್ದರಂತೆ. ಸಿಟಿಯ ಸೂಕ್ ಬಜಾರಿನಲ್ಲಿ ಬಟ್ಟೆ ಅಂಗಡಿಯ ಕೆಲಸದಲ್ಲಿದ್ದ ಕಾಕ ಅದನ್ನು ಹೆಗಲ ಮೇಲೆ ಹೊತ್ತು ತಂದು, ಮರಳಿನ ಮೇಲೆ ಹಾಸಿ, ಮೂಲೆಗೆ ಕಬ್ಬಿಣದ ಗೂಟ ಹೊಡೆದರು. ಅದೇ ಪಿಚ್ ಆಯಿತು. ಮಂಗಳೂರು ಕಡೆಯ ಬ್ಯಾರಿ ಮುಸ್ಲಿಮರಲ್ಲಿ ಹಿರಿಯರನ್ನು ಕಾಕ ಎನ್ನುವುದು ರೂಢಿ. ನಮಗೆಲ್ಲ ಅವರ ಹೆಸರೇ ಅದಾಗಿ ಹೋಗಿತ್ತು.

ಆಟ ವಾರದ ರಜೆಯಾದ ಶುಕ್ರವಾರ ಬೆಳಿಗ್ಗೆ ಮಾತ್ರ. ಬ್ಯಾರಿ ಹುಡುಗರಿಗೆ ಜುಮಾ ನಮಾಜಿಗೆ ಮೊದಲು ಸ್ನಾನ ಆಗಬೇಕು, ನಾವು ಕೊಂಕಣಿ ಕ್ರಿಶ್ಚಿಯನ್ನರು ಇಗರ್ಜಿಯಲ್ಲಿ ವಾರದ ಪೂಜೆ ಮುಗಿಸಿ ಬರುವಾಗ ತಡ. ಹಾಗಾಗಿ ಅವರು ಮೊದಲು ಬ್ಯಾಟ್ ಮಾಡುವುದು, ನಾವು ಆಮೇಲೆ. ಆಡಲು ಬರುತ್ತದೋ ಇಲ್ಲವೋ ಯಾರೂ ಕೇಳುತ್ತಿರಲಿಲ್ಲ.

ಇನ್ನೊಂದು ಸಂಪ್ರದಾಯವನ್ನೂ ಕಾಕನೇ ಮಾಡಿದ್ದು. ಪಾಸ್‌ಪೋರ್ಟಿಗೆ ಎಕ್ಸಿಟ್ ಸೀಲ್ ಹೊಡೆಸಿಕೊಂಡು ಖಾಯಂ ಊರಿಗೆ ಹೊರಟವನು ತನ್ನ ಕೊನೆಯ ಶುಕ್ರವಾರ ಓಪನಿಂಗ್ ಇಳಿಯಬೇಕು. ಅವನನ್ನು ಯಾರೂ ಔಟ್ ಮಾಡುವ ಹಾಗಿಲ್ಲ. ಮನಸ್ಸು ತುಂಬಿದಾಗ ಅವನೇ ‘ಖಲಾಸ್’ ಅಂದು ಬ್ಯಾಟ್ ಕೆಳಗಿಡಬೇಕು. ನನಗೆ ಈ ನಾಟಕ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಬೌಲರ್ ಆದವನು ಬೇಕೆಂದೇ ಹಾಳು ಬಾಲ್ ಹಾಕುವುದೆಂದರೆ ಏನು?

ಈ ಸಲದ ಚಳಿಗಾಲ ಕಾಕನ ಸರದಿ ಬಂತು. ವಯಸ್ಸಾಯಿತೆಂದು ಅಂಗಡಿಯ ಧಣಿ ಕಫೀಲ್ ಅವರ ವಾಸದ ಪರವಾನಗಿ ಇಕಾಮಾ ಮುಂದುವರಿಸಲಿಲ್ಲ. ಅವರ ಕೊನೆಯ ಶುಕ್ರವಾರ ಪೂಜೆಗೆ ಸಂಜೆ ಹೋದರಾಯಿತೆಂದು ನಾನೂ ಬೇಗ ಬಂದೆ. ಕಾಕ ನನ್ನನ್ನು ನೀರಿನ ಕ್ಯಾನ್ ಹತ್ತಿರ ಕರೆದರು. ಎಷ್ಟೋ ಮಂದಿ ಖಲಾಸ್ ಅಂದದ್ದು ಕೇಳಿದ್ದಾರಂತೆ, ರಾತ್ರಿಯೆಲ್ಲ ತಾವೂ ಬಾಯಲ್ಲಿ ಅಂದು ನೋಡಿದರಂತೆ.

“ನನ್ನಿಂದ ಅದು ಹೇಳ್ಲಿಕ್ಕೆ ಆಗುದಿಲ್ಲ,” ಅಂದರು. “ನೀವೇ ಔಟ್ ಮಾಡಿ ಕಳಿಸಿ.”

ಈ ನಾಟಕದ ವಿಷಯಕ್ಕೆ ಸದಾ ಜಗಳ ಕಾಯುವ ನನ್ನನ್ನೇ ಆರಿಸಿದ್ದು ಸರಿಯೇ ಅನ್ನಿಸಿತು. ಓಡಿ ಬಂದು ನೇರ ಬಾಲ್ ಹಾಕಿದೆ. ಅವರು ಬ್ಯಾಟ್ ಬೀಸಿದರು, ಕಣ್ಣು ಮೊದಲಿನಂತಿಲ್ಲ, ಹಿಂದೆ ಸ್ಟಂಪ್ ಉರುಳಿತು. ಅಂಪೈರ್ ಆಗಿದ್ದವನು ಕಾಕನ ರೂಮ್‌ಮೇಟ್. ಕೈ ಅಡ್ಡ ಚಾಚಿ ನೋಬಾಲ್ ಅಂದ. ಕ್ರೀಸಿನ ಗೆರೆಯಿಂದ ನನ್ನ ಕಾಲು ಒಂದು ಗೇಣು ಹಿಂದೆಯೇ ಇತ್ತು. ಸುತ್ತಲಿನವರೆಲ್ಲ ನನ್ನನ್ನು ಬಾಯಿಗೆ ಬಂದಂತೆ ಬೈದರು, ನಿನಗೆ ಮನುಷ್ಯತ್ವ ಇಲ್ಲವಾ ಎಂದರು. ನಾನು ಬಾಲ್ ಎತ್ತಿಕೊಂಡು ಮತ್ತೆ ನೇರ ಹಾಕಿದೆ. ಮತ್ತೆ ಸ್ಟಂಪ್ ಬಿತ್ತು. ಮತ್ತೆ ನೋಬಾಲ್.

ಆಗ ಕಾಕ ಕಾರ್ಪೆಟ್ ಮೇಲೆ ಮೆಲ್ಲಗೆ ನಡೆದು ಬಂದು ರೂಮ್‌ಮೇಟ್‌ನ ಎದುರು ನಿಂತರು. ಎಷ್ಟೋ ವರ್ಷ ಒಂದೇ ಕೋಣೆಯಲ್ಲಿ, ಒಂದೇ ಪಾತ್ರೆಯಲ್ಲಿ ಬೇಯಿಸಿ ಉಂಡವರು ಅವರಿಬ್ಬರು.

“ನನಗೆ ಹೋಗ್ಲಿಕ್ಕುಂಟು ಮಾರಾಯ,” ಅಂದರು. “ಬಿಡು.”

ಅವನು ನೆಲ ನೋಡುತ್ತಲೇ ಬೆರಳು ಎತ್ತಿದ. ಕಾಕನ ಮುಖ ಹಗುರವಾಯಿತು. ನನಗೆ ಮಾತ್ರ ಅಳು ಬಂತು, ತಡೆಯಲಿಲ್ಲ. ಅವರು ಬ್ಯಾಟನ್ನು ಕಂಕುಳಲ್ಲಿ ಇರುಕಿಕೊಂಡು ಬಿಲ್ಡಿಂಗ್ ಕಡೆ ಹೋದರು. ಮುಂದಿನ ಬ್ಯಾಟ್ಸ್‌ಮನ್ ಒಳಗೆ ಬರಬೇಕಿತ್ತು. ಅವನು ಬರಲಿಲ್ಲ, ನಾವೂ ಕರೆಯಲಿಲ್ಲ.