ಠಾಣೆಯಲ್ಲಿ ಇಲ್ಲದ ಹಾಳೆ

"ಹೆಂಗಸರು ಧೈರ್ಯವಾಗಿ ಬಾಯಿ ಬಿಡಬೇಕು. ಏನು ಬೇಕಾದರೂ ಕೇಳಿ!" ಎಂದು ಹೊನ್ನಾವರದ ನಮ್ಮ ಮಹಿಳಾ ಸಂಘದ ವೇದಿಕೆಯಲ್ಲಿ ನಿವೃತ್ತ ಪೊಲೀಸ್ ಮೇಡಂ ಗುಡುಗಿದರು. ಈಗ ಅವರು ಲೇಖಕಿ, ಊರೂರಿಗೆ ಬೇಕಾದ ಭಾಷಣಕಾರ್ತಿ. ಮುನ್ನೂರು ಪುಟದ ಆತ್ಮಕಥೆ ಮೇಜಿನ ತುಂಬ ರಾಶಿ ಬಿದ್ದಿತ್ತು.

ಪಕ್ಕದ ಕಾಸರಕೋಡಿನಲ್ಲಿ ಮೀನು ಮಾರುವ ಹೆಂಗಸೊಬ್ಬರು ಎದ್ದು ನಿಂತರು. "ಅಮಾ, ಗಂಡ ಹೊಡ್ದ ಅಂತ ನಾ ದೂರು ಕೊಡೂಕೆ ಬಂದಾಗ, ಠಾಣೆಲಿ ಹಾಳೆ ಇಲ್ಲ, ಅಂಗಡಿಂದ ತಕಂಡು ಬಾ ಅಂದಿದ್ರಿ. ಈ ಪುಸ್ತಕಕ್ಕೆ ಇಷ್ಟೆಲ್ಲ ಹಾಳೆ ಎಲ್ಲಿತ್ತು?"

ಮೇಡಂ ನೀರು ಕುಡಿದರು. ನಾವು ಜೋರಾಗಿ ಚಪ್ಪಾಳೆ ತಟ್ಟಿ ಪ್ರಶ್ನೋತ್ತರ ಮುಗಿಸಿದೆವು.

ವಂದನಾರ್ಪಣೆ ನನ್ನದಿತ್ತು. ಮೈಕಿನವನಿಗೂ ಧನ್ಯವಾದ ಹೇಳಿದೆ. ಧೈರ್ಯವಾಗಿ ಬಾಯಿ ಬಿಟ್ಟ ಆ ಒಬ್ಬರಿಗೆ ಹೇಳಲು ಮಾತ್ರ ನನಗೇ ಬಾಯಿ ಬರಲಿಲ್ಲ.